ಮಾತಾಡಿಸುವ ಕೆಲಸ

೧೯೬೫ರಲ್ಲಿ ನನ್ನ ಓದು ನಿಂತಿತು, ಏಳನೇ ಕ್ಲಾಸಿನ ನಡುವೆ. ದೊಮ್ಮಲೂರಿನಲ್ಲಿ ಸೊಪ್ಪು ಬೆಳೆದು ಹಲಸೂರು ಮಾರ್ಕೆಟ್ಟಿಗೆ ಹೊತ್ತು ಹಾಕುತ್ತಿದ್ದ ಅಪ್ಪ ಆ ವರ್ಷ ಹಾಸಿಗೆ ಹಿಡಿದರು. ನನ್ನನ್ನು ದಂಡು ಪ್ರದೇಶದ ಒಂದು ಕ್ಲಬ್ಬಿನ ಅಡುಗೆಮನೆಗೆ ಸೇರಿಸಿದರು. ಪಾತ್ರೆ ತೊಳೆಯುವುದರಿಂದ ಶುರುಮಾಡಿ ಬೇರರ್ ಆದೆ. ಇಪ್ಪತ್ತು ವರ್ಷಕ್ಕೂ ಮೇಲೆ ತಟ್ಟೆ ಹಿಡಿದು ನಿಂತು, ಮೇಜಿನ ಸುತ್ತ ಕೂತವರ ಇಂಗ್ಲಿಷನ್ನು ಕಿವಿಯಿಂದಲೇ ಕಲಿತೆ. ಯಾರೂ ಹೇಳಿಕೊಡಲಿಲ್ಲ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ಸ್ಪೋಕನ್ ಇಂಗ್ಲಿಷ್ ಹೇಳಿಕೊಡುವ ಕೆಲಸಕ್ಕೆ ಈಗ ಬಹಳ ಹುಡುಗ ಹುಡುಗಿಯರು ಸೇರುತ್ತಿದ್ದಾರೆ. ಒಳಗಿನಿಂದ ಆ ಕೆಲಸ ಹೇಗಿರುತ್ತದೆ ಎಂದು ಅವರಿಗೆ ಹೇಳುವವರು ಕಡಿಮೆ. ಅದಕ್ಕೇ ಇದು. ನನಗೆ ಸಿಕ್ಕ ಬಡ್ತಿ ಒಂದೇ, ಬಾಗಿಲ ಹೊರಗಿನ ಸ್ಟೂಲಿನಿಂದ ಒಳಗಿನ ಕುರ್ಚಿಗೆ. ಆ ಸುದ್ದಿ ಇಲ್ಲಿಗೆ ಸಾಕು.

೧೯೯೧ರಲ್ಲಿ ಕ್ಲಬ್ಬಿನ ಅಡುಗೆಮನೆಯನ್ನು ಕಂಟ್ರಾಕ್ಟಿಗೆ ಕೊಟ್ಟು ಹಳಬರನ್ನು ಮನೆಗೆ ಕಳಿಸಿದರು. ಶಿವಾಜಿನಗರದಲ್ಲಿ ಕನ್ನಡಕದ ಅಂಗಡಿಯೊಂದರ ಮಾಳಿಗೆಯ ಮೇಲೆ ಐರಿನ್ ಮೇಡಂ ನಡೆಸುತ್ತಿದ್ದ ಇಂಗ್ಲಿಷ್ ಕ್ಲಾಸಿಗೆ ನಾನು ಅಟೆಂಡರ್ ಆಗಿ ಸೇರಿದೆ. ಮೇಡಂ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಬೋರ್ಡಿನ ಮೇಲೆ ವಾಕ್ಯ ಬರೆದರೆ ಅಚ್ಚು ಹಾಕಿದ ಹಾಗಿರುತ್ತಿತ್ತು. ಎಲ್ಲರೂ ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದರು, ತಪ್ಪಿಲ್ಲದೆ. ಆದರೆ ಎದ್ದು ನಿಂತು ಒಂದು ಮಾತಾಡು ಎಂದರೆ ಕಣ್ಣು ಫ್ಯಾನಿನ ಕಡೆ ಹೋಗುತ್ತಿತ್ತು.

ಒಂದು ಸಂಜೆ ಮೇಡಂ ಗಂಟಲು ಕಟ್ಟಿತು. ನನ್ನನ್ನು ಕರೆದು, ಕೇಳಿಸಿತೋ ಇಲ್ಲವೋ ಎಂಬಂಥ ದನಿಯಲ್ಲಿ ಹೇಳಿದರು.

"ಮುನಿಯಪ್ಪ, ಇವತ್ತು ನೀನೇ ನೋಡ್ಕೋ. ಸುಮ್ನೆ ಕೂರ್ಸಿ ಮಾತಾಡ್ಸು, ಸಾಕು."

ಅವರನ್ನು ಮಾತಾಡಿಸುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಮೇಜು ಹಾಕುವುದು. ಹಾಕಿದೆ. ಮೇಡಂ ಮೇಜಿಗೆ ಒಂದು ಬಿಳಿ ಬಟ್ಟೆ ಹಾಸಿ, ನನ್ನ ಊಟದ ಡಬ್ಬಿಯ ಮುಚ್ಚಳವನ್ನೇ ತಟ್ಟೆ ಮಾಡಿ, ಒಬ್ಬನನ್ನು ಬೇರರ್ ಮಾಡಿದೆ. ಗಿರಾಕಿಯಾಗಿ ಇಲಿಯಾಸ್ ಭಾಯಿಯನ್ನು ಕೂರಿಸಿದೆ. ಅವರದು ಹತ್ತಿರದಲ್ಲೇ ಬಟ್ಟೆ ಅಂಗಡಿ. ಆರು ತಿಂಗಳಿಂದ ಬರುತ್ತಿದ್ದರೂ ಅವರ ಬಾಯಿಂದ 'ಯೆಸ್ ಮ್ಯಾಡಮ್' ಬಿಟ್ಟು ಬೇರೆ ಮಾತು ಬಂದಿರಲಿಲ್ಲ.

ಭಾಯಿ ಬಿರಿಯಾನಿ ಕೇಳಿದರು. ನಾನು ಬೇರರ್ ಹುಡುಗನ ಕಿವಿಯಲ್ಲಿ, ಇಲ್ಲ ಅನ್ನು ಎಂದೆ.

"ನೋ ಬಿರಿಯಾನಿ, ಸಾರ್."

"ಚಿಕನ್?"

"ನೋ ಚಿಕನ್, ಸಾರ್."

ಭಾಯಿಯ ಮುಖ ಕೆಂಪಾಯಿತು. ಹಸಿದು ಬಂದಿದ್ದರೋ ಏನೋ. "ದೆನ್ ವೈ ಯು ಓಪನ್ ಹೋಟೆಲ್? ಗೋ, ಕಾಲ್ ಯುವರ್ ಓನರ್," ಎಂದರು.

ಕ್ಲಾಸು ಹೋ ಎಂದು ನಕ್ಕಿತು. ಆ ಕೋಣೆಯಲ್ಲಿ ನೋಟ್‌ಬುಕ್ ನೋಡದೆ ಯಾರಾದರೂ ಆಡಿದ ಮೊದಲ ಪೂರ್ತಿ ಇಂಗ್ಲಿಷ್ ಮಾತು ಅದು. ಬಾಗಿಲಲ್ಲಿ ಶಾಲು ಹೊದ್ದು ನಿಂತಿದ್ದ ಮೇಡಂ ಮಾರನೆಯ ದಿನ ಒಂದೇ ಮಾತು ಹೇಳಿದರು. "ಬೆಂಚೆಲ್ಲ ಗೋಡೆಗೆ ತಳ್ಳು. ಮಧ್ಯ ಜಾಗ ಬೇಕು." ಅವತ್ತಿನಿಂದ ಮೊದಲರ್ಧ ಬೋರ್ಡು ಅವರದು, ಉಳಿದರ್ಧ ಆಟ ನನ್ನದು. ತನಗಿಂತ ಕಡಿಮೆ ಓದಿದವನಿಗೆ ಜಾಗ ಬಿಟ್ಟುಕೊಟ್ಟ ಮೇಲಧಿಕಾರಿಯನ್ನು ನಾನು ಅವರೊಬ್ಬರನ್ನೇ ಕಂಡದ್ದು.

ಆಟಗಳು ಬಹಳ ಇದ್ದವು. ಅಂಗಡಿ, ಡಾಕ್ಟರು, ಬಾಡಿಗೆ ಮನೆ. ಎಲ್ಲದಕ್ಕೂ ಕಟ್ಟಳೆ ಒಂದೇ: ಒಂದು ಸಲ ಕೇಳುವವನಾದವನು ಮುಂದಿನ ಸಲ ಉತ್ತರ ಕೊಡುವವನಾಗಬೇಕು. ತೀರಾ ನಾಚಿಕೆಯವರಿಗೆ ಟೆಲಿಫೋನ್ ಆಟ. ಎರಡು ಕುರ್ಚಿಯನ್ನು ಬೆನ್ನಿಗೆ ಬೆನ್ನು ಕೊಟ್ಟು ಹಾಕುವುದು, ಇಬ್ಬರೂ ಕೂತು ಫೋನಿನಲ್ಲಿ ಮಾತಾಡಿದ ಹಾಗೆ ಮಾತಾಡುವುದು. ಎದುರಿನವರ ಮುಖ ಕಾಣದಿದ್ದರೆ ಅರ್ಧ ಹೆದರಿಕೆ ಹೋಗುತ್ತದೆ. ಬೆಸ ಸಂಖ್ಯೆ ಬಂದ ದಿನ ಉಳಿದ ಕುರ್ಚಿಯಲ್ಲಿ ನಾನು ಕೂರುತ್ತಿದ್ದೆ. ಯಾರದೋ ಮಾವನಾಗಿ, ಬ್ಯಾಂಕ್ ಮ್ಯಾನೇಜರಾಗಿ, ದುಬೈಯಿಂದ ಫೋನ್ ಮಾಡಿದ ಗಂಡನಾಗಿ. ದೊಮ್ಮಲೂರಿನ ಕೋಣೆಗೆ ಹೋಗಿ ಬೀಗ ತೆಗೆದ ಮೇಲೆ ನಾನು ಯಾರೂ ಆಗಬೇಕಾಗಿರಲಿಲ್ಲ. ಇಬ್ಬರು ತಂಗಿಯರ ಮದುವೆ ಮುಗಿಸುವ ಹೊತ್ತಿಗೆ ನನ್ನ ಮದುವೆಯ ವಯಸ್ಸು ದಾಟಿತ್ತು. ಅವರ ಮನೆ ಬಾಗಿಲಿಗೆ, ಇವರ ಮನೆ ಬಾಗಿಲಿಗೆ ಹೋಗಿ ಹೆಣ್ಣು ಕೇಳುವುದು ನನ್ನ ಜಾಯಮಾನವಲ್ಲ.

ಎಡವಿದ್ದೂ ಇದೆ. ಜಗಳದ ಆಟ ಅಂತ ಒಂದು ಮಾಡಿದೆ. ಸ್ಕೂಟರಿಗೆ ಸ್ಕೂಟರು ತಾಗಿದೆ, ಇಂಗ್ಲಿಷಿನಲ್ಲಿ ಬೈದಾಡಿ, ಎಂದೆ. ಎರಡು ಮಾತು ಇಂಗ್ಲಿಷಿನಲ್ಲಿ ಬಂತು. ಮೂರನೆಯದಕ್ಕೆ ಒಬ್ಬ ತಮಿಳಿಗೆ ಇಳಿದ, ಇನ್ನೊಬ್ಬ ಕನ್ನಡಕ್ಕೆ. ಆಮೇಲೆ ಬಂದ ಮಾತುಗಳನ್ನು ಇಲ್ಲಿ ಬರೆಯಲಾಗದು. ಕೆಳಗಿನ ಕನ್ನಡಕದ ಅಂಗಡಿಯವರು ಓಡಿ ಬಂದು ಇಬ್ಬರನ್ನೂ ಬಿಡಿಸಿದರು. ಸಿಟ್ಟಿಗೆ ತಾಯಿಭಾಷೆಯೇ ಬೇಕು. ಹೊಸಬರು ಜಗಳದ ಆಟವನ್ನು ಕೊನೆಗೆ ಇಟ್ಟುಕೊಳ್ಳಿ. ಬೇಕಾದ್ದನ್ನು ಕೇಳಿ ಪಡೆಯುವ ಆಟದಿಂದ ಶುರುಮಾಡಿ.

ಇನ್ನೊಂದು ವಿಷಯ ನಿಮಗೆ ಯಾರೂ ಹೇಳಿರುವುದಿಲ್ಲ. ಟೈಪಿಂಗ್ ಕಲಿಸಿದವರನ್ನು, ಡ್ರೈವಿಂಗ್ ಕಲಿಸಿದವರನ್ನು ಜನ ದಾರಿಯಲ್ಲಿ ನಿಲ್ಲಿಸಿ ಮಾತಾಡಿಸುತ್ತಾರೆ. ಇಂಗ್ಲಿಷ್ ಮಾತು ಕಲಿಸಿದವನನ್ನು ಮಾತಾಡಿಸುವುದಿಲ್ಲ. ಬರದೆ ಇದ್ದದ್ದನ್ನು ದುಡ್ಡು ಕೊಟ್ಟು ಕಲಿತೆ ಎಂದು ಒಪ್ಪಿಕೊಳ್ಳಲು ಇಷ್ಟವಿರುವುದಿಲ್ಲ. ಹುಟ್ಟಿದಾಗಿನಿಂದ ಬರುತ್ತಿತ್ತು ಎನ್ನುವ ಹಾಗೆ ಇರಬೇಕು. ನಮ್ಮ ಮೆಟ್ಟಿಲು ಹತ್ತುವಾಗಲೂ ಅಕ್ಕಪಕ್ಕ ನೋಡಿ ಹತ್ತುವರು. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಎದುರು ಬಂದ ಎಷ್ಟೋ ಮಂದಿ ನನ್ನನ್ನು ಕಂಡು ಅಂಗಡಿಯ ಗಾಜಿನ ಕಡೆ ತಿರುಗಿದ್ದಾರೆ. ಮೊದಮೊದಲು ನಾನೇ ಕೈಯೆತ್ತುತ್ತಿದ್ದೆ. ಆಮೇಲೆ ಆ ಅಭ್ಯಾಸ ಬಿಟ್ಟೆ.

ಸೆಲ್ವಿ ಬಂದದ್ದು ತೊಂಬತ್ತಾರರಲ್ಲಿ. ಜೋಗುಪಾಳ್ಯದವಳು, ಮನೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದಳು. ಗಂಡ ಕುಮಾರ್ ದೊಡ್ಡನೆಕ್ಕುಂದಿಯ ಕಾರ್ಖಾನೆಯಲ್ಲಿ ಲೇತ್ ಮೆಷಿನ್ ಕೆಲಸದವನು. ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದೇ ಮಾತಾಡುವಳು.

"ಸಾರ್, ಪಾಪುನ ಎಲ್‌ಕೆಜಿಗೆ ಹಾಕ್ಬೇಕು. ಆ ಸ್ಕೂಲಲ್ಲಿ ಅಪ್ಪ ಅಮ್ಮನ್ನೂ ಕೂರ್ಸಿ ಇಂಗ್ಲಿಷಲ್ಲಿ ಕೇಳ್ತಾರಂತೆ. ನಾವು ಸರಿಯಾಗಿ ಹೇಳ್ಲಿಲ್ಲಾಂದ್ರೆ ಪಾಪುಗೆ ಸೀಟಿಲ್ಲ."

ಅವಳಿಗಾಗಿ ಪ್ರಿನ್ಸಿಪಾಲರ ಕೋಣೆಯ ಆಟ ಕಟ್ಟಿದೆ. ಮೊದಲು ಬೆನ್ನಿಗೆ ಬೆನ್ನು ಕೊಟ್ಟು. ಮೂರನೆಯ ವಾರ ಸೆರಗು ಬಾಯಿಂದ ಜಾರಿತು. ಆಮೇಲೆ ಕುರ್ಚಿ ತಿರುಗಿಸಿ ಎದುರುಬದುರು. ಕ್ಲಾಸಿನಲ್ಲಿ ಇದ್ದವರೆಲ್ಲ ಸರದಿಯಂತೆ ಪ್ರಿನ್ಸಿಪಾಲರಾದರು. ಕಲಿತು ಮುಗಿದರೂ ಆಟ ಬಿಡದ ಇಲಿಯಾಸ್ ಭಾಯಿ ಪ್ರಿನ್ಸಿಪಾಲರಾದ ದಿನ ಮಗುವಿಗೆ ಬಟ್ಟೆಯ ಅಳತೆ ಕೇಳಿದರು. ಅವಳು ಅದಕ್ಕೂ ಉತ್ತರ ಕೊಟ್ಟಳು.

ಕುಮಾರ್ ಒಂದೇ ದಿನ ಬಂದ, ಶಿಫ್ಟ್ ಮುಗಿಸಿ, ಕೈಯಲ್ಲಿ ಮೆಷಿನ್ ಎಣ್ಣೆಯ ವಾಸನೆ ಇನ್ನೂ ಇತ್ತು. ಕುರ್ಚಿಯಲ್ಲಿ ಕೂತು ಬೆವರಿದ.

"ಸಾರ್, ಎಂಥಾ ಜಾಬ್ ಬೇಕಾದ್ರೂ ಕೊಡಿ, ಮೆಷಿನ್ ಮೇಲೆ ಮಾಡಿ ತೋರಿಸ್ತೀನಿ. ಇದು ನನ್ ಕೈಲಿ ಆಗಲ್ಲ. ನೀವೇ ಬನ್ನಿ ನಮ್ ಜೊತೆ. ನಮ್ಮಣ್ಣ ಅಂತ ಹೇಳ್ತೀನಿ."

"ನಾನು ನಿಮ್ಮಣ್ಣನ ಥರ ಕಾಣ್ತೀನೇನಯ್ಯ?"

"ಬಣ್ಣ ಒಂದೇ ಅಲ್ವಾ ಸಾರ್."

"ಸುಮ್ನಿರಿ," ಎಂದು ಸೆಲ್ವಿ ಗದರಿದಳು. ಆಮೇಲೆ ನನ್ನ ಕಡೆ ತಿರುಗಿ, "ಆದ್ರೆ ಬನ್ನಿ ಸಾರ್. ದೊಡ್ಡವರು ಅಂತ ಒಬ್ರು ಇದ್ರೆ ಧೈರ್ಯ," ಎಂದಳು.

ನಾನು ಒಪ್ಪಿದೆ. ಕ್ಲಬ್ಬಿನ ಕಾಲದ ಕೋಟು ಹಾಕಿಕೊಂಡು ಹೋದೆ. ಮಗು ದಿವ್ಯಾಳಿಗೆ ದಾರಿಯಲ್ಲೇ ಹೇಳಿಕೊಟ್ಟಿದ್ದರು. ಅವಳು ನನ್ನ ಬೆರಳು ಹಿಡಿದು "ಪೆರಿಯಪ್ಪ" ಎಂದಳು, ದೊಡ್ಡಪ್ಪ ಎನ್ನುವುದಕ್ಕೆ ಅವರ ತಮಿಳು ಮಾತು. ಅಷ್ಟು ವರ್ಷ ನಾನು ಆಡಿದ ವೇಷಗಳಲ್ಲಿ ಇನ್ನೊಬ್ಬರು ನನ್ನ ಬೆರಳು ಹಿಡಿದದ್ದು ಇದೊಂದರಲ್ಲೇ.

ಪ್ರಿನ್ಸಿಪಾಲರು ಕನ್ನಡಕದ ಹೆಂಗಸು, ಗಟ್ಟಿ ಮಾತಿಲ್ಲ. ಕುಮಾರನನ್ನು ಏನೋ ಕೇಳಿದರು. ಅವನು "ಯೆಸ್ ಮ್ಯಾಡಮ್" ಎಂದು ಸೋಲೊಪ್ಪಿದ. ಆಮೇಲೆ ಸೆಲ್ವಿಯನ್ನು ನೋಡಿ, ನಾವು ಯಾರೂ ಅಭ್ಯಾಸ ಮಾಡಿಸದೆ ಇದ್ದದ್ದನ್ನು ಕೇಳಿದರು: ನಿಮ್ಮ ಮಗಳಿಗೆ ಸಿಟ್ಟು ಬಂದರೆ ಏನು ಮಾಡುತ್ತಾಳೆ?

ಸೆಲ್ವಿ ನನ್ನನ್ನು ನೋಡಿದಳು. ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಮೇಷ್ಟ್ರು ಬಾಯಿ ತೆರೆದರೆ ಕಲಿಯುವವರ ಬಾಯಿ ಮುಚ್ಚುತ್ತದೆ. ಇದು ಈ ಕೆಲಸದ ಮೊದಲ ಪಾಠ, ಎಲ್ಲಕ್ಕಿಂತ ಕಷ್ಟದ್ದು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಾ ಕೂತೆ. ಹೊರಗೆ ಯಾವುದೋ ಕ್ಲಾಸಿನ ಮಕ್ಕಳು ಮಗ್ಗಿ ಹೇಳಿ ಮುಗಿಸಿದರು.

"ಷಿ ಗೋ ಅಂಡರ್ ದಿ ಕಾಟ್, ಮ್ಯಾಡಮ್," ಎಂದಳು ಸೆಲ್ವಿ. "ಐ ಆಲ್ಸೋ ಗೋ ಅಂಡರ್ ದಿ ಕಾಟ್. ಐ ಸಿಟ್. ದೆನ್ ಷಿ ಕಮ್."

ಸಿಟ್ಟು ಬಂದರೆ ಮಗು ಮಂಚದ ಕೆಳಗೆ ಹೋಗುತ್ತದೆ, ತಾಯಿಯೂ ಹೋಗಿ ಪಕ್ಕದಲ್ಲಿ ಕೂರುತ್ತಾಳೆ. ಪ್ರಿನ್ಸಿಪಾಲರು ಕನ್ನಡಕ ತೆಗೆದು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲೇ ಕೇಳಿದರು, ನೀವು ದೊಡ್ಡಪ್ಪ ಅಲ್ಲವೇ, ಮಗುವಿನ ಜೊತೆ ದಿನವೂ ಇಂಗ್ಲಿಷ್ ಮಾತಾಡುತ್ತೀರಾ, ಎಂದು. ದಿನವೂ ಮಾತಾಡುತ್ತೇನೆ ಎಂದೆ. ಸೀಟು ಸಿಕ್ಕಿತು.

ಬಾಯಲ್ಲಿ ಹೇಳಿದ್ದನ್ನು ನಡೆಸುವವನು ನಾನು. ಅವತ್ತಿನಿಂದ ಕ್ಲಾಸು ಮುಗಿಸಿ ದಿನಾ ಸಂಜೆ ಜೋಗುಪಾಳ್ಯಕ್ಕೆ ನಡೆದೆ. ಒಂದೇ ಕೋಣೆಯ ಮನೆ, ಬಾಗಿಲ ಹತ್ತಿರ ಹೊಲಿಗೆ ಮೆಷಿನ್. ಈರುಳ್ಳಿ, ಬದನೆಕಾಯಿ ಹರಡಿಕೊಂಡು ದಿವ್ಯಾ ಅಂಗಡಿಯವಳು, ನಾನು ಗಿರಾಕಿ. ಮುಂದಿನ ಸಲ ಅದಲುಬದಲು. ಸೆಲ್ವಿ ಹೊಲಿಯುತ್ತಲೇ ಬೆಲೆ ಚೌಕಾಸಿಗೆ ಬರುವಳು. "ಪೆರಿಯಪ್ಪ, ಯು ಡಿಡ್ ನಾಟ್ ಸೇ ಥ್ಯಾಂಕ್ಯೂ," ಎಂದು ಮಗು ನನ್ನ ಕೈಯಿಂದ ಬದನೆಕಾಯಿ ಕಿತ್ತುಕೊಂಡದ್ದು ಉಂಟು. ಎಂಟು ಗಂಟೆಗೆ ಊಟ. ಸಾಂಬಾರು, ಹಪ್ಪಳ. ನಾಲ್ಕು ಜನ ಸುತ್ತ ಕೂತು ಊಟ ಮಾಡುವುದು ಹೇಗಿರುತ್ತದೆ ಎಂದು ನಾನು ಅಷ್ಟರಲ್ಲಿ ಮರೆತಿದ್ದೆ. ಸ್ಕೂಲ್ ಡೇ ದಿನವೂ ದೊಡ್ಡಪ್ಪನಾಗಿ ಹೋಗಿ ಮುಂದಿನ ಸಾಲಿನಲ್ಲಿ ಕೂತೆ.

ಇಲಿಯಾಸ್ ಭಾಯಿಗೆ ಎಲ್ಲ ಗೊತ್ತಿತ್ತು. ಒಂದು ದಿನ ಚಹಾ ಕುಡಿಯುವಾಗ ಕಿಚಾಯಿಸಿದರು.

"ಜರಾ ಆಹಿಸ್ತಾ ಕಲ್ಸಿ ಸಾಬ್. ಬೇಗ ಕಲಿಸ್ಬಿಟ್ರೆ ನಿಮ್ ಊಟ ಹೋಗುತ್ತೆ."

"ಕೆಲ್ಸ ನಿಧಾನ ಮಾಡಿ ನಂಗೆ ಅಭ್ಯಾಸ ಇಲ್ಲ ಭಾಯ್."

"ಗೊತ್ತು. ಅದಕ್ಕೇ ಒಬ್ರೇ ಇದ್ದೀರಿ."

ತಮಾಷೆಗೆ ಅಂದರೂ ಮಾತು ಸರಿಯಾಗಿತ್ತು. ತಾಯಿ ಮಗಳು ತಮ್ಮಷ್ಟಕ್ಕೆ ಮಾತಾಡತೊಡಗಿದರೆ ಆ ಮನೆಯಲ್ಲಿ ನನಗೆ ಕೆಲಸವಿರುವುದಿಲ್ಲ. ಕೆಲಸವಿಲ್ಲದೆ ಇನ್ನೊಬ್ಬರ ಮನೆಯಲ್ಲಿ ಊಟಕ್ಕೆ ಕೂರುವವನು ನಾನಲ್ಲ. ಹೀಗಿದ್ದೂ ಕಲಿಸುವುದನ್ನು ಕಲಿಸಿದೆ. ಮಗು ನನ್ನನ್ನು ಕೇಳಿದ್ದನ್ನು ತಾಯಿಗೆ ದಾಟಿಸಿದೆ, ತಾಯಿ ಕೇಳಿದ್ದನ್ನು ಮಗುವಿಗೆ. ನಾನು ನಡುವಿನಿಂದ ಸ್ವಲ್ಪ ಸ್ವಲ್ಪವೇ ಹಿಂದೆ ಸರಿದೆ.

ದಿವ್ಯಾ ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಬೇಕರಿಯಿಂದ ಬೆಣ್ಣೆ ಬಿಸ್ಕತ್ತು ಕಟ್ಟಿಸಿಕೊಂಡು ಹೋದೆ. ಬಾಗಿಲು ತೆರೆದಿತ್ತು. ಒಳಗೆ ತಾಯಿ ಕಂಡಕ್ಟರು, ಮಗಳು ಪ್ರಯಾಣಿಕಳು. ದಿಂಬುಗಳನ್ನು ಸಾಲಾಗಿಟ್ಟು ಬಸ್ಸು ಮಾಡಿದ್ದರು. ಈ ಆಟ ನಾನು ಹೇಳಿಕೊಟ್ಟದ್ದಲ್ಲ. ಚಿಲ್ಲರೆ ಇಲ್ಲ ಎಂದು ಒಬ್ಬಳು, ಇಳಿಯುವುದಿಲ್ಲ ಎಂದು ಇನ್ನೊಬ್ಬಳು, ಎಲ್ಲ ಇಂಗ್ಲಿಷಿನಲ್ಲೇ. ಸೆಲ್ವಿ ನಕ್ಕು ನಕ್ಕು ಗೋಡೆಗೆ ಒರಗಿದ್ದಳು. ಇಬ್ಬರೂ ಬಾಗಿಲ ಕಡೆ ನೋಡಲಿಲ್ಲ. ಬಿಸ್ಕತ್ತಿನ ಪೊಟ್ಟಣವನ್ನು ಹೊಸ್ತಿಲ ಒಳಗಿಟ್ಟು ಮೆಟ್ಟಿಲಿಳಿದೆ.

ಮಾರನೆಯ ದಿನ ಸೆಲ್ವಿ ಕೇಳಿದಳು. "ನಿನ್ನೆ ಯಾಕೆ ಬರ್ಲಿಲ್ಲ ಸಾರ್? ಬಿಸ್ಕತ್ ಮಾತ್ರ ಬಂದಿತ್ತು."

"ಕೆಲ್ಸ ಇತ್ತಮ್ಮ."

ದಿನಾ ಹೋಗುವುದು ಭಾನುವಾರ ಹೋಗುವುದಾಯಿತು. ಆಮೇಲೆ ಹಬ್ಬಕ್ಕೆ. ಅವರು ಕರೆಯುವುದನ್ನು ಬಿಡಲಿಲ್ಲ. ನನಗೇ ಹೋಗಲು ನೆಪ ಸಿಗಲಿಲ್ಲ.

ಅಷ್ಟರಲ್ಲಿ ಐರಿನ್ ಮೇಡಂ ಕೈಲಾಗದೆ ತಂಗಿಯ ಊರಿಗೆ ಹೋದರು. ಕ್ಲಾಸನ್ನು ಕೊಂಡವರು ಅದನ್ನು ಇಂದಿರಾನಗರಕ್ಕೆ ಎತ್ತಿಕೊಂಡು ಹೋದರು. ಎಲ್ಲರಿಗೂ ಕಾಲ್ ಸೆಂಟರ್ ಕೆಲಸ ಬೇಕಾಗಿದ್ದ ಕಾಲ. ಸಾಲಾಗಿ ಪ್ಲೈವುಡ್ ಗೂಡುಗಳು, ಗೂಡಿಗೊಂದು ಕಂಪ್ಯೂಟರ್, ಕಿವಿಗೆ ಹೆಡ್‌ಫೋನ್. ಮ್ಯಾನೇಜರ್ ಚಿಕ್ಕ ವಯಸ್ಸಿನವನು, ಮರ್ಯಾದೆಯ ಹುಡುಗ.

"ಮುನಿಯಪ್ಪ ಸಾರ್, ಆಟ ಎಲ್ಲ ಚೆನ್ನಾಗೇ ಇರುತ್ತೆ. ಆದ್ರೆ ಟೈಮಿಲ್ಲ. ಪಾಠ ಎಲ್ಲಾ ಸಿ.ಡಿ.ಯಲ್ಲೇ ಇದೆ. ನೀವು ಹೆಡ್‌ಫೋನ್ ಕೊಟ್ಟು ವಾಪಸ್ ಇಸ್ಕೊಳ್ಳಿ, ಸಾಕು."

ಕೋಣೆ ತುಂಬ ಜನ, ಎಲ್ಲರೂ ಗೋಡೆಯ ಕಡೆ ಮುಖ ಮಾಡಿ ಗೊಣಗುತ್ತಿದ್ದರು. ಅವರ ಉಚ್ಚಾರ ನನ್ನ ವಿದ್ಯಾರ್ಥಿಗಳದ್ದಕ್ಕಿಂತ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆದರೆ ಪಕ್ಕದ ಗೂಡಿನವನ ಹೆಸರು ಇವನಿಗೆ ಗೊತ್ತಿರುತ್ತಿರಲಿಲ್ಲ. ಒಂದು ಹುಡುಗಿ ಹೆಡ್‌ಫೋನ್ ತೆಗೆದು ನನ್ನ ಹತ್ತಿರ ಬಂದಳು.

"ಸಾರ್, ಯಾರಾದ್ರೂ ಮನುಷ್ಯರ ಜೊತೆ ಮಾತಾಡ್ಬೋದಾ?"

ಊಟದ ಹೊತ್ತಿನಲ್ಲಿ ಅಲ್ಲಿನ ತಾರಸಿಯ ಮೇಲೆ ಅಂಥವರನ್ನು ಕೂರಿಸಿ ಆಟ ಆಡಿಸಿದೆ, ಸಂಬಳಕ್ಕೆ ಸೇರದ ಕೆಲಸ. ಕೆಲವು ತಿಂಗಳು ನಡೆಯಿತು. ಆಮೇಲೆ ಊಟದ ಹೊತ್ತಿಗೂ ಒಂದು ಬ್ಯಾಚು ಹಾಕಿದರು.

ಆ ದಿನಗಳಲ್ಲೇ ಕುಮಾರ್ ಕೆ.ಆರ್.ಪುರದ ಆಚೆ ಸೈಟು ತೆಗೆದು ಮನೆ ಕಟ್ಟಿಸಿದ. ಗೃಹಪ್ರವೇಶಕ್ಕೆ ಕರೆಯಲು ಇಂದಿರಾನಗರಕ್ಕೇ ಬಂದ. "ಅಣ್ಣ, ನೀವು ಬರ್ಲೇಬೇಕು," ಎಂದ. ಸಾರ್ ಹೋಗಿ ಅಣ್ಣ ಆಗಿತ್ತು. ಕ್ಲಾಸು ನನ್ನ ಕೈತಪ್ಪಿದ ಮೇಲೆ ನನ್ನದು ಅಂತ ಉಳಿದ ಬಾಗಿಲು ಅದೊಂದೇ. ಅದೇ ಕೋಟು ಹಾಕಿಕೊಂಡು ಹೋದೆ.

ಹೊಸ ಮನೆಯಲ್ಲಿ ದಿವ್ಯಾಳ ಸ್ಕೂಲಿನ ತಾಯಂದಿರೆಲ್ಲ ಬಂದಿದ್ದರು. ಸೆಲ್ವಿ ರೇಷ್ಮೆ ಸೀರೆಯುಟ್ಟು, ಒಬ್ಬೊಬ್ಬರನ್ನೂ ಇಂಗ್ಲಿಷಿನಲ್ಲಿ ಮಾತಾಡಿಸುತ್ತಾ ಓಡಾಡುತ್ತಿದ್ದಳು. ಎಲ್ಲೂ ತಡೆಯಿಲ್ಲ. ಊಟದ ಪಂಕ್ತಿಯಲ್ಲಿ ನನ್ನ ಎದುರು ಕೂತಿದ್ದ ಒಬ್ಬ ತಾಯಿ ಅವಳನ್ನು ನಿಲ್ಲಿಸಿ ಕೇಳಿದಳು.

"ನಿಮ್ ಇಂಗ್ಲಿಷ್ ಎಷ್ಟ್ ಚೆನ್ನಾಗಿದೆ ಸೆಲ್ವಿ. ಎಲ್ಲಿ ಕಲಿತ್ರಿ?"

ನಾನು ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿದೆ. ಒಂದು ಸಲ, ಒಬ್ಬರಾದರೂ ಹೇಳಿದರೆ ಸಾಕು ಎಂದು ಮನಸ್ಸು ಕಾದಿತ್ತು. ಸೆಲ್ವಿಯ ಕಣ್ಣು ನನ್ನನ್ನು ದಾಟಿ ಹೋಯಿತು.

"ಕಾನ್ವೆಂಟಲ್ಲಿ ಓದಿದ್ದಲ್ವಾ, ಚಿಕ್ಕೋಳಿದ್ದಾಗಿಂದ ಅಭ್ಯಾಸ," ಎಂದಳು. ಕೂಡಲೇ ನನ್ನ ಕಡೆ ಕೈ ತೋರಿಸಿ, "ಇವರು ನಮ್ಮನೆಯವರ ಅಣ್ಣ," ಎಂದಳು.

ದಿವ್ಯಾ ಪಾಯಸದ ಪಾತ್ರೆ ಹಿಡಿದು ಬಂದು, "ಪೆರಿಯಪ್ಪ, ಇನ್ನೊಂಚೂರು," ಎಂದು ಬಡಿಸಿದಳು. ದೊಡ್ಡಪ್ಪನ ಜಾಗ ನನಗೆ ಉಳಿದಿತ್ತು. ಮೇಷ್ಟರ ಜಾಗ ಇರಲಿಲ್ಲ. ಎರಡನ್ನೂ ಒಂದೇ ಮನೆಯಲ್ಲಿ ಕೇಳುವ ಹಾಗೂ ಇರಲಿಲ್ಲ. ದೊಡ್ಡಪ್ಪ ಎಂದು ಸ್ಕೂಲಿನಲ್ಲಿ ಹೇಳಿದವನೇ ನಾನು.

ಹೊರಡುವಾಗ ಸೆಲ್ವಿ ಗೇಟಿನವರೆಗೆ ಬಂದಳು. ಯಾರೂ ಹತ್ತಿರವಿರಲಿಲ್ಲ.

"ಸಾರ್, ಬೇಜಾರಾಯ್ತಾ?"

"ಯಾಕಮ್ಮ?"

"ಕಾನ್ವೆಂಟು ಅಂದ್ಬಿಟ್ನಲ್ಲ. ಅವರೆಲ್ಲ ಒಂಥರಾ ನೋಡ್ತಾರೆ ಸಾರ್. ಪಾಪುಗೆ ಹೇಳಿ ಆಡ್ಕೋತಾರೆ."

"ಚೆನ್ನಾಗಿ ಹೇಳ್ದೆ," ಎಂದೆ. "ಎಲ್ಲೂ ತಡವರಿಸ್ಲಿಲ್ಲ."

ಅವಳು ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. ಬಸ್ಸು ಬಂತು, ಹತ್ತಿದೆ.

ಆಮೇಲೂ ಎರಡು ಮೂರು ಸಲ ಕರೆದರು. ನಾನೇ ಹೋಗಲಿಲ್ಲ. ಸಿಟ್ಟಿನಿಂದಲ್ಲ. ನಾನು ಎದುರಿಗೆ ಕೂತರೆ ಅವಳು ಆ ಕಾನ್ವೆಂಟಿನ ಮಾತನ್ನು ಮತ್ತೆ ಹೇಳಬೇಕಾಗುತ್ತದೆ. ನಾನಿಲ್ಲದಿದ್ದರೆ ಅಷ್ಟು ಕಷ್ಟವಾಗುವುದಿಲ್ಲ. ನನ್ನ ಹತ್ತಿರ ಫೋನಿರಲಿಲ್ಲ, ಅವರ ನಂಬರು ಬದಲಾಯಿತು, ಹಾಗೆ ಮುಗಿಯಿತು. ೨೦೦೯ರಲ್ಲಿ ಹೆಡ್‌ಫೋನ್‌ಗಳನ್ನು ಎಣಿಸಿ ಒಪ್ಪಿಸಿ ಕೆಲಸ ಬಿಟ್ಟೆ.

ಹೊಸದಾಗಿ ಸೇರುವವರು ಇದನ್ನು ಓದಿ ಹೆದರಬೇಕಾಗಿಲ್ಲ. ಕೆಲಸ ಒಳ್ಳೆಯದು. ಬಾಯಿ ಬಾರದೆ ಬಂದವರು ಬಾಯಿ ಬಂದು ಹೋಗುತ್ತಾರೆ, ಹಾಗೆ ಹೋದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರು ತಿರುಗಿ ನೋಡುತ್ತಾರೆ ಎಂದು ಮಾತ್ರ ಲೆಕ್ಕ ಹಾಕಿಕೊಳ್ಳಬೇಡಿ.

ಈಗ ನನ್ನ ಹತ್ತಿರ ಇರುವುದು ದೊಮ್ಮಲೂರಿನಲ್ಲಿ ಒಂದು ಕೋಣೆ, ಒಂದು ಕಿಟಕಿ, ಒಂದು ಗ್ಯಾಸ್ ಒಲೆ, ಒಂದು ರೇಡಿಯೋ. ಬರುವ ಭಾಷೆ ನಾಲ್ಕು. ಕನ್ನಡ ಬೆಳಗ್ಗೆ ಹಾಲಿನ ಅಂಗಡಿಯಲ್ಲಿ ಬಳಕೆಯಾಗುತ್ತದೆ, ತಮಿಳು ಸಂಜೆ ಇಸ್ತ್ರಿ ಗಾಡಿಯವನ ಹತ್ತಿರ. ಉಳಿದ ಎರಡು, ಉರ್ದು, ಇಂಗ್ಲಿಷ್, ಹಾಗೇ ಇವೆ.